ವೆಂಕಟಸ್ವಾಮಿಯ ಎರಡು ಕೈ

ಮರ ಕೊಯ್ಯುವವರು ಕೆಲಸ ಬಿಡುವುದು ಸಾಮಾನ್ಯವಾಗಿ ಮೇಲಿಂದ ಬಿದ್ದ ಮೇಲೆ. ಕಾಮಾಕ್ಷಿಪಾಳ್ಯದ ವೆಂಕಟಸ್ವಾಮಿ ತನ್ನ ಆಯುಷ್ಯದಲ್ಲಿ ಒಂದು ಸಲವೂ ಬಿದ್ದವನಲ್ಲ. ಅವನು ಕೆಲಸ ಬಿಡಬೇಕಾಗಿ ಬಂದದ್ದು ಬೆರಳುಗಳಿಂದ. ಚಳಿಗಾಲದ ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಕೈಯ ಬೆರಳುಗಳು ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿಚಿಕೊಂಡಿರುತ್ತಿದ್ದವು. ಮೊದಮೊದಲು ಉಜ್ಜಿಕೊಂಡರೆ ಸರಿಹೋಗುತ್ತಿತ್ತು. ಬರುಬರುತ್ತ ಬಣ್ಣ ಮರಳಿದರೂ ಸ್ಪರ್ಶ ಮರಳಲಿಲ್ಲ. ಒಂದು ದಿನ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟ. ಹೆಂಡತಿ ರಾಮಕ್ಕ ಕಿರುಚಿದಾಗಲೇ ಅವನಿಗೆ ಅಂಗೈ ಸುಟ್ಟದ್ದು ಗೊತ್ತಾದದ್ದು.

ವಿಜಯನಗರದ ಡಾಕ್ಟರು ಬೆರಳ ತುದಿಗೆ ಸೂಜಿ ಚುಚ್ಚಿ ನೋಡಿದರು.

"ಗೊತ್ತಾಗ್ತಾ ಇದೆಯಾ?"

"ಇಲ್ಲ ಸಾರ್."

"ಮಷೀನ್ ಹಿಡಿದು ಹಿಡಿದು ನರ ಸತ್ತಿದೆ. ಇನ್ನೂ ಹಿಡಿದ್ರೆ ಕೈಯೇ ಹೋಗುತ್ತೆ. ಕೂತ್ಕೊಂಡು ಮಾಡೋ ಕೆಲ್ಸ ಏನಾದ್ರೂ ನೋಡ್ಕೊಳ್ಳಿ."

ಕೂತು ಮಾಡುವ ಕೆಲಸವನ್ನು ಅವರ ವಂಶದಲ್ಲೇ ಯಾರೂ ಮಾಡಿರಲಿಲ್ಲ. ಅಪ್ಪ ಸೌದೆ ಒಡೆಯುತ್ತಿದ್ದ. ವೆಂಕಟಸ್ವಾಮಿ ಏಳನೇ ಕ್ಲಾಸು ಮುಗಿಸಿ, ಮೀಸೆ ಮೂಡುವ ಮೊದಲೇ ಕೊಡಲಿ ಹಿಡಿದ. ಆಮೇಲೆ ಕೈಗರಗಸ, ಅದಾದ ಮೇಲೆ ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸದ ಮಷೀನು. ರಾಜಾಜಿನಗರದಿಂದ ಕೆಂಗೇರಿವರೆಗೆ ಎಲ್ಲಿ ಕೊಂಬೆ ಮನೆಯ ಮೇಲೆ ವಾಲಿದರೂ ಅವನಿಗೆ ಫೋನು ಬರುತ್ತಿತ್ತು. ಕಿತ್ತಳೆ ಬಣ್ಣದ ಆ ಮಷೀನು ಮನೆಯಲ್ಲಿ ಮಂಚದ ಕೆಳಗೆ, ಗೋಣಿಚೀಲದ ಮೇಲೆ ಮಲಗಿರುತ್ತಿತ್ತು. ಅದರ ಎಣ್ಣೆ ವಾಸನೆ ರಾಮಕ್ಕನಿಗೆ ಆಗುತ್ತಿರಲಿಲ್ಲ. ಆದರೆ ಆಯುಧಪೂಜೆಯ ದಿನ ಕುಂಕುಮ ಇಟ್ಟು, ಹೂ ಮುಡಿಸಿ ಕೈಮುಗಿಯುವಾಗ ಗಂಡನಿಗಿಂತ ಅವಳದೇ ಭಕ್ತಿ ಹೆಚ್ಚು. ಮನೆ ನಡೆಸುತ್ತಿದ್ದದ್ದು ಅದೇ ತಾನೆ.

ಬಸವೇಶ್ವರನಗರದ ಯೋಗಾನಂದ ಇದಕ್ಕೂ ಒಂದು ವರ್ಷ ಮೊದಲೇ ಪರಿಚಯವಾಗಿದ್ದ. ಅವನ ಮನೆ ಮುಂದಿನ ಗುಲ್‌ಮೊಹರ್ ಮರದ ಕೊಂಬೆ ಇಳಿಸಲು ವೆಂಕಟಸ್ವಾಮಿ ಹೋಗಿದ್ದ. ಯೋಗಾನಂದನಿಗೆ ಒಂದು ವಿಮಾ ಕಚೇರಿಯಲ್ಲಿ ಕೆಲಸ; ನಲವತ್ತು ದಾಟಿದ, ಮೆತ್ತಗೆ ಮಾತಾಡುವ, ಕನ್ನಡಕದ ಮನುಷ್ಯ. ಆವತ್ತು ಆಫೀಸಿಗೆ ರಜ ಹಾಕಿ ಗೇಟಿನ ಹತ್ತಿರ ನಿಂತವನು ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಮರ ಕಡಿಯುವಾಗ ಮರುಗುವವರನ್ನೂ ಬೈಯುವವರನ್ನೂ ವೆಂಕಟಸ್ವಾಮಿ ಬೇಕಾದಷ್ಟು ಕಂಡಿದ್ದ. ಇವನು ನೋಡುತ್ತಿದ್ದದ್ದು ಹಸಿದವನು ಊಟದ ಎಲೆ ನೋಡುವ ಹಾಗೆ.

"ಸ್ವಾಮಣ್ಣ, ಒಂದೇ ಒಂದ್ ಸಲ ಹಿಡ್ಕೊಳ್ಳಾ?" ಎಂದು ಕೊನೆಗೆ ಕೇಳಿಯೇಬಿಟ್ಟ.

ನೆಲಕ್ಕೆ ಬಿದ್ದಿದ್ದ ಒಂದು ತುಂಡನ್ನು ತೋರಿಸಿ ವೆಂಕಟಸ್ವಾಮಿ ಮಷೀನು ಕೊಟ್ಟ. ಕೊಯ್ದು ಮುಗಿಸಿ ತಲೆಯೆತ್ತಿದಾಗ ಯೋಗಾನಂದನ ಕನ್ನಡಕದ ತುಂಬ ಮರದ ಹೊಟ್ಟು.

"ಇಡೀ ದಿನ ಕಂಪ್ಯೂಟರ್ ಮುಂದೆ ಕೂತಿರ್ತೀನಿ. ಸಂಜೆ ಏಳೋವಾಗ ಏನ್ ಮಾಡ್ದೆ ಅಂತ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಏನೂ ಇರಲ್ಲ. ನಿಮ್ದು ನೋಡಿ, ಕಣ್ಣೆದುರಿಗೆ ಬಿದ್ದಿದೆ."

"ಸಂಜೆ ಹೊತ್ತಿಗೆ ನಮ್ ಬೆನ್ನೂ ಹಂಗೇ ಬಿದ್ದಿರುತ್ತೆ ಸಾರ್," ಎಂದು ವೆಂಕಟಸ್ವಾಮಿ ನಕ್ಕ.

ಆಮೇಲೆ ಯೋಗಾನಂದ ಆಗಾಗ ಫೋನು ಮಾಡುತ್ತಿದ್ದ. ಭಾನುವಾರ ಎಲ್ಲಿ ಕೆಲಸ ಎಂದು ಕೇಳಿಕೊಂಡು ಬಂದು, ಹಗ್ಗ ಹಿಡಿಯುತ್ತಿದ್ದ, ಬೆಲ್ಟು ಕಟ್ಟಿಕೊಂಡು ಸಣ್ಣಪುಟ್ಟ ಮರ ಹತ್ತಲೂ ಕಲಿತ. ದೂರದೇಶದ ಕಾಡುಗಳಲ್ಲಿ ಮರ ಉರುಳಿಸುವ ವಿಡಿಯೋಗಳೇ ಅವನ ಮೊಬೈಲಿನ ತುಂಬ. ಡಾಕ್ಟರು ಹೇಳಿದ್ದನ್ನು ತಿಳಿಸಿದಾಗ ಅವನು, "ಹಂಗಾದ್ರೆ ಮಷೀನು?" ಎಂದ.

"ನೀವೇ ಇಟ್ಕೊಳ್ಳಿ ಸಾರ್. ದುಡ್ಡು ಬೇಡ. ಕೂತ್ಕೊಂಡು ಮಾಡೋ ಒಂದು ಕೆಲ್ಸ ಕೊಡ್ಸಿ ಸಾಕು."

ಯೋಗಾನಂದನ ದೊಡ್ಡಪ್ಪನ ಮಗ ಮುರಳೀಕೃಷ್ಣ ಕಾಮಾಕ್ಷಿಪಾಳ್ಯದಲ್ಲೇ ಒಂದು ಗಾರ್ಮೆಂಟ್ಸ್ ನಡೆಸುತ್ತಿದ್ದ. ಅಲ್ಲಿಗೆ ಮಾತಾಡಿ ಕೆಲಸ ಗೊತ್ತುಮಾಡಿದ. ಮಷೀನು ಒಯ್ಯಲು ಅವನು ಬಂದ ದಿನ ರಾಮಕ್ಕ ಗಂಡನನ್ನು ಅಡುಗೆಮನೆಗೆ ಕರೆದಳು.

"ಒರೆಸಿ, ಅರಿಶಿನದ ನೀರು ಚಿಮುಕ್ಸಿ ಕಳಿಸ್ರೀ. ಇಷ್ಟು ವರ್ಷ ಅನ್ನ ಹಾಕಿದೆ. ನಮ್ ಕುಂಕುಮ ಅದ್ರ ಮೇಲೆ ಹಂಗೇ ಇದೆ."

"ಮಗಳನ್ನ ಗಂಡನ ಮನೆಗೆ ಕಳಿಸ್ತಾ ಇದೀವೇನೇ? ಕಬ್ಬಿಣ ಕಣೇ ಅದು," ಎಂದ ವೆಂಕಟಸ್ವಾಮಿ. ಮಷೀನು ಕುಂಕುಮದ ಸಮೇತ ಯೋಗಾನಂದನ ಕಾರಿನ ಡಿಕ್ಕಿ ಸೇರಿತು.

ಗಾರ್ಮೆಂಟ್ಸಿನ ನೆಲಮಹಡಿಯಲ್ಲಿ, ರೋಲಿಂಗ್ ಶಟರಿನ ಪಕ್ಕ ಒಂದು ಕಬ್ಬಿಣದ ಮೇಜು. ಹೊರಗೆ ಹೋಗುವ ಪ್ರತಿ ಬಾಕ್ಸಿಗೂ ಚಲನ್ ನೋಡಿ ಠಸ್ಸೆ ಒತ್ತಿ ಬಿಡುವುದು ವೆಂಕಟಸ್ವಾಮಿಯ ಕೆಲಸ. ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ ಕುಸುಮಾ ಅವನ ಮಗಳ ವಯಸ್ಸಿನವಳು. ಎದುರು ಮೇಜಿನಲ್ಲಿ ಕೂರುತ್ತಿದ್ದಳು. "ಆರಾಮಾಗಿ ಕೂತ್ಕೊಳ್ಳಿ ಅಣ್ಣ, ತುದೀಲಿ ಯಾಕೆ ಕೂತಿದೀರಾ?" ಎಂದು ಮೊದಲ ವಾರವೆಲ್ಲ ಹೇಳಿದಳು. ಅವನಿಗೆ ಕುರ್ಚಿಯ ಬೆನ್ನಿಗೆ ಒರಗಲು ಬರುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ಮೈ ದಣಿದಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಹೊಟ್ಟೆ ಮಾತ್ರ ಬಂತು. ಠಸ್ಸೆಯ ಹಿಡಿ ಬೆರಳ ನಡುವೆ ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಅವು ತನ್ನವೇ ಅಲ್ಲವೇನೋ, ಯಾರೋ ಮೇಜಿನ ಮೇಲೆ ಬಿಟ್ಟುಹೋದ ಎರಡು ಕೈಗಳನ್ನು ನೋಡುತ್ತಿದ್ದೇನೇನೋ ಅನ್ನಿಸುತ್ತಿತ್ತು.

ನಡುಕ ಮೊದಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ತಿಂಡಿಗೆ ಕೂತಾಗ. ತಟ್ಟೆಯಲ್ಲಿ ಉಪ್ಪಿಟ್ಟಿತ್ತು. ಕೈ ಇಟ್ಟ ತಕ್ಷಣ ಸ್ಟೀಲ್ ತಟ್ಟೆ ನೆಲಕ್ಕೆ ತಾಗಿ ಕಟಕಟ ಅನ್ನತೊಡಗಿತು. ವೆಂಕಟಸ್ವಾಮಿ ಕೈ ಎತ್ತಿದ. ತಟ್ಟೆ ಸುಮ್ಮನಾಯಿತು. ಕೈ ಮಾತ್ರ ನಿಲ್ಲಲಿಲ್ಲ. ಅದು ಮುದುಕರ ಕೈ ನಡುಗುವ ಹಾಗಿರಲಿಲ್ಲ. ಸಣ್ಣಗೆ, ಬಿಡದೆ, ಮೂಳೆಯ ಒಳಗಿಂದ ಬರುತ್ತಿತ್ತು. ಇಷ್ಟು ವರ್ಷ ಮಷೀನು ಹಿಡಿದವನಿಗೆ ಅದೇನು ಅಂತ ಯಾರೂ ಹೇಳಬೇಕಾಗಿರಲಿಲ್ಲ.

"ಏನ್ರೀ ಇದು?" ರಾಮಕ್ಕ ಅವನ ಮುಂಗೈ ಹಿಡಿದುಕೊಂಡಳು. ಹಿಡಿದವಳು ಬಿಸಿ ತಾಗಿದವಳಂತೆ ಬಿಟ್ಟಳು. ಅವಳ ಮುಖದ ಬಣ್ಣ ಹೋಗಿತ್ತು. "ಮಂಚದ ಕೆಳಗಿತ್ತಲ್ಲ... ಅದ್ರ ಮೇಲೆ ಕೈ ಇಟ್ಟಂಗಾಯ್ತು."

ಮಧ್ಯಾಹ್ನದ ಹೊತ್ತಿಗೆ ನಿಂತಿತು. ಸಂಜೆ ಯೋಗಾನಂದನ ಫೋನು. ಉತ್ಸಾಹದಲ್ಲಿ ಅವನ ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಸ್ವಾಮಣ್ಣ, ಇವತ್ತು ಬೆಳಿಗ್ಗೆ ಒಬ್ನೇ ಒಂದು ಬೇವಿನ ಮರ ಮುಗಿಸ್ದೆ! ತಿಂಡಿ ಹೊತ್ತಿಗೆ ಶುರು ಮಾಡಿದ್ದು, ಊಟದ ಹೊತ್ತಿಗೆ ಎಲ್ಲಾ ತುಂಡು!"

ವೆಂಕಟಸ್ವಾಮಿ ಒಳ್ಳೆಯದಾಯಿತು ಎಂದಷ್ಟೇ ಹೇಳಿದ. ಮುಂದಿನ ಭಾನುವಾರ ಬಾಗಿಲು ಹಾಕಿಕೊಂಡು, ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ನಡುಕ ಬಂತು. ಹೋಯಿತು. ಸಂಜೆ ತಾನೇ ಫೋನು ಮಾಡಿ, ಎಷ್ಟು ಹೊತ್ತಿಗೆ ಕೆಲಸ, ಎಷ್ಟು ಹೊತ್ತಿಗೆ ಟೀ ಎಂದೆಲ್ಲ ಮಾತಿನ ನಡುವೆ ಕೇಳಿದ. ಎಲ್ಲವೂ ತಾಳೆಯಾಯಿತು.

ರಾಮಕ್ಕ ಮುನೇಶ್ವರನ ಗುಡಿಗೆ ಕರೆದುಕೊಂಡು ಹೋಗಿ ಕೈಗೆ ಕಪ್ಪು ದಾರ ಕಟ್ಟಿಸಿದಳು. ಅವನು ಕಟ್ಟಿಸಿಕೊಂಡ. ಆದರೆ ಒಂದು ವಿಷಯ ಹೆಂಡತಿಗೆ ಹೇಳಲಿಲ್ಲ. ನಡುಕ ಬಂದಾಗಲೆಲ್ಲ ಬೆರಳಿಗೆ ಜೀವ ಬರುತ್ತಿತ್ತು. ಚಾಪೆಯ ಹೆಣಿಗೆ, ಪಂಚೆಯ ಅಂಚು, ಲೋಟದ ತಂಪು ಎಲ್ಲವೂ ಕೈಗೆ ತಿಳಿಯುತ್ತಿತ್ತು. ಮಷೀನು ನಿಂತ ಕೂಡಲೇ ಬೆರಳು ಮತ್ತೆ ಮರದ ಕೊರಡು. ಭಾನುವಾರ ಯಾವಾಗ ಬರುತ್ತದೆ ಎಂದು ವಾರವಿಡೀ ಕಾಯತೊಡಗಿದ.

ಆ ವರ್ಷದ ಕೊನೆಗೆ ಯೋಗಾನಂದ ವಿಮಾ ಕಚೇರಿಯ ಕೆಲಸ ಬಿಟ್ಟ. ಹೆಂಡತಿ ಕೀರ್ತನಾ ಎಷ್ಟು ಜಗಳವಾಡಿದರೂ ಕೇಳಲಿಲ್ಲ. ದಿನಾ ಮರದ ಕೆಲಸ. ಕೊಂಬೆರೆಂಬೆ ಸಾಗಿಸಲು ದೇವೇಂದ್ರಪ್ಪ ಎನ್ನುವ ಗೂಡ್ಸ್ ಆಟೋದವನನ್ನು ಜೊತೆ ಮಾಡಿಕೊಂಡ. ಅಲ್ಲಿಂದ ವೆಂಕಟಸ್ವಾಮಿಯ ಕೈ ವಾರದ ದಿನಗಳಲ್ಲೂ, ಡಿಸ್ಪ್ಯಾಚಿನ ಮೇಜಿನ ಮೇಲೆಯೇ ನಡುಗತೊಡಗಿತು.

ಅದನ್ನು ಕಂಡುಹಿಡಿದವಳು ಕುಸುಮಾ. ಅವನ ಮೇಜಿನ ಮೇಲಿಟ್ಟಿದ್ದ ಅವಳ ನೀರಿನ ಬಾಟಲಿಯೊಳಗೆ ನೀರು ಸಣ್ಣ ಸಣ್ಣ ಬಳೆಗಳಂತೆ ಅಲೆ ಎಬ್ಬಿಸುತ್ತಿತ್ತು. ಅವಳು ಬಾಟಲಿ ಎತ್ತಿ ತನ್ನ ಮೇಜಿಗೆ ಒಯ್ದಳು. ನೀರು ನಿಂತಿತು. ಮತ್ತೆ ತಂದಿಟ್ಟಳು. ಮತ್ತೆ ಶುರುವಾಯಿತು.

"ಅಣ್ಣ, ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು ಕೇಳ್ತೀನಿ. ನೀವು ಕುಡೀತೀರಾ?"

"ಇಲ್ಲ ಮೇಡಂ. ದೇವ್ರಾಣೆ."

"ಮತ್ತೆ ಇದೇನು?"

ಅವನು ಎರಡೂ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಅವಳು ಹತ್ತಿರ ಬಂದು ನಿಂತಾಗ ಅವನ ಅಂಗಿಯಿಂದ ಪೆಟ್ರೋಲು ಮತ್ತು ಹಸಿಮರದ ವಾಸನೆ ಬಂತೆಂದು ಕುಸುಮಾ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಬಟ್ಟೆ, ರಟ್ಟು, ಹೊಲಿಗೆಮಷೀನಿನ ಎಣ್ಣೆ ಬಿಟ್ಟರೆ ಆ ಕಟ್ಟಡದಲ್ಲಿ ಬೇರೆ ವಾಸನೆಗೆ ಜಾಗವಿರಲಿಲ್ಲ.

ದಿನ ಕಳೆದಂತೆ ವೆಂಕಟಸ್ವಾಮಿಯ ಕೈ ಇನ್ನೂ ಸೂಕ್ಷ್ಮವಾಯಿತು. ಹಸಿಮರ ಕೊಯ್ಯುವಾಗ ಒಂದು ರೀತಿ, ಒಣಮರಕ್ಕೆ ಇನ್ನೊಂದು ರೀತಿ. ರೇಸ್ ಕೊಡದೆ ಬಿಟ್ಟಾಗ ಮುಷ್ಟಿಯೊಳಗೆ ಕೋಳಿಮರಿ ಹಿಡಿದ ಹಾಗೆ. ಒಂದು ಮಧ್ಯಾಹ್ನ ನಡುಕ ಒರಟಾಗಿ ಎಳೆದಾಡಿತು. ತಡೆಯಲಾರದೆ ಫೋನು ಮಾಡಿದ.

"ಸಾರ್, ಚೈನಿಗೆ ಅರ ಹಾಕಿ. ಮೊಂಡಾಗಿದೆ."

"ಈಗ್ತಾನೇ ಅಂದ್ಕೊಂಡೆ ಸ್ವಾಮಣ್ಣ. ನೀವೆಲ್ಲಿದೀರಾ? ಇಲ್ಲೇ ಬಂದಿದೀರಾ?"

"ಇಲ್ಲ ಸಾರ್, ಕುರ್ಚೀಲಿ ಕೂತಿದೀನಿ. ಸುಮ್ನೆ ಅನ್ನಿಸ್ತು."

ಯೋಗಾನಂದ ಆಮೇಲೆ ಏನೂ ಕೇಳಲಿಲ್ಲ. ಆದರೆ ಆವತ್ತಿನಿಂದ ಕೆಲಸ ಶುರುಮಾಡುವ ಮೊದಲು ಮಷೀನನ್ನು ಎರಡು ಸಲ ಸುಮ್ಮನೆ ರೇಸ್ ಮಾಡಿ ಬಿಡುತ್ತಿದ್ದ. ವೆಂಕಟಸ್ವಾಮಿಗೆ ಅದು ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತಿತ್ತು.

ಒಂದು ಸಂಜೆ ಕೀರ್ತನಾ ಫೋನು ಮಾಡಿದಳು. "ಅಣ್ಣ, ನೀವಾದ್ರೂ ಹೇಳಿ. ಮೈಮೇಲೆಲ್ಲ ಗಾಯ ಮಾಡ್ಕೊಂಡು ಬರ್ತಾರೆ. ನಿಮ್ ಮಾತು ಒಂದೇ ಅವ್ರು ಕೇಳೋದು."

"ಹೇಳ್ತೀನಮ್ಮ," ಎಂದ ವೆಂಕಟಸ್ವಾಮಿ. ಹೇಳಲಿಲ್ಲ. ಅದರ ಬದಲು ತನಗೆ ಈಗಲೂ ಬರುತ್ತಿದ್ದ ಹಳೆಯ ಗಿರಾಕಿಗಳ ಕರೆಗಳನ್ನೆಲ್ಲ ಯೋಗಾನಂದನಿಗೆ ದಾಟಿಸಿದ. ಕೆಲಸವಿಲ್ಲದ ದಿನ ಯೋಗಾನಂದ ಮನೆಯಲ್ಲಿದ್ದರೆ ಇವನಿಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ಹಾಗೆ ದಾಟಿಸಿದ ಕೆಲಸಗಳಲ್ಲಿ ಒಂದು ಕುರುಬರಹಳ್ಳಿಯ ಮುನಿವೆಂಕಟಪ್ಪನವರದು. ಹಳ್ಳಿ ಊರಾಗುವ ಮೊದಲಿನಿಂದ ಅಲ್ಲೇ ಇದ್ದ ಮನೆತನ. ಹಳೆಯ ತೋಟದ ಜಾಗದಲ್ಲಿ ಈಗ ಬಾಡಿಗೆಗೆ ಕೊಟ್ಟ ಶೀಟಿನ ಮನೆಗಳ ಸಾಲು; ಅವುಗಳ ನೆತ್ತಿಗೆ ಚಾಚಿಕೊಂಡು ಒಂದು ಭಾರಿ ನೇರಳೆ ಮರ. ಮಳೆಗಾಲ ಹಿಡಿಯುವ ಮೊದಲು ಕೊಂಬೆ ಇಳಿಸಬೇಕೆಂದು ಅವರು ಕೇಳುತ್ತಲೇ ಬಂದಿದ್ದರು. ವೆಂಕಟಸ್ವಾಮಿ ಎರಡು ಸಲ ಹೋಗಿ ನೋಡಿ, ಏನೋ ನೆಪ ಹೇಳಿ ವಾಪಸ್ ಬಂದಿದ್ದ. ನೇರಳೆಯನ್ನು ನಂಬಬಾರದು. ನೋಡಲು ಗಟ್ಟಿಯಾಗಿರುವ ಕೊಂಬೆ, ಸೂಚನೆಯೇ ಕೊಡದೆ ಬುಡದಲ್ಲಿ ಲಟಕ್ಕನೆ ಮುರಿಯುತ್ತದೆ. ಯೋಗಾನಂದನಿಗೆ ಆ ಜಾಗದ ಗುರುತು ಹೇಳಿದ, ಮನೆಯವರ ನಂಬರು ಕೊಟ್ಟ. ಮರದ ಗುಣ ಹೇಳಲಿಲ್ಲ. ಹೇಳಿದರೆ ಹೋಗದೆ ಇರಬಹುದು ಎಂಬ ಯೋಚನೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಸ್ಪಷ್ಟವಾಗಿಯೇ ಇತ್ತು.

ಜೂನ್ ತಿಂಗಳ ಆ ಬೆಳಿಗ್ಗೆ ಮೋಡ ಕವಿದಿತ್ತು. ಶಟರಿನಾಚೆ ಲಾರಿ ನಿಂತಿತ್ತು. ವೆಂಕಟಸ್ವಾಮಿಯ ಕೈಗೆ ಎರಡು ಸಲ ರೇಸಿನ ಸೂಚನೆ ಬಂತು, ಆಮೇಲೆ ದಪ್ಪ ಕೊಂಬೆಯೊಂದರ ಉದ್ದನೆಯ ಕೊಯ್ತ. ಹಾಯೆನಿಸಿತು. ಬೆರಳಿಗೆ ಚಲನ್ ಕಾಗದದ ನುಣುಪು ಹತ್ತುತ್ತಿತ್ತು. ಠಪ್, ಠಪ್ ಎಂದು ಠಸ್ಸೆ ಒತ್ತುತ್ತ ಹೋದ.

ಇದ್ದಕ್ಕಿದ್ದ ಹಾಗೆ ಎರಡೂ ಕೈ ಒಟ್ಟಿಗೆ ಮೇಜಿನಿಂದ ಮೇಲಕ್ಕೆ ಎಗರಿದವು. ಠಸ್ಸೆ ಹಾರಿ ಗೋಡೆಗೆ ಬಡಿದು ಬಿತ್ತು. ಕುಸುಮಾ ತಿರುಗಿ ನೋಡಿದಳು.

"ಏನಾಯ್ತಣ್ಣ?"

"ಏನಿಲ್ಲ ಮೇಡಂ," ಎಂದು ಠಸ್ಸೆ ತಂದುಕೊಂಡು ಕೂತ. ಈಗ ಕೈಯಲ್ಲಿ ಉಳಿದದ್ದು ಆ ಸಣ್ಣ ನಡುಕ ಮಾತ್ರ, ಮುಷ್ಟಿಯೊಳಗಿನ ಕೋಳಿಮರಿ. ಅದು ಏರಲೂ ಇಲ್ಲ, ನಿಲ್ಲಲೂ ಇಲ್ಲ. ಮತ್ತೆ ರೇಸ್ ಕೊಡುತ್ತಾನೆ, ಇಲ್ಲವೇ ಆಫ್ ಮಾಡುತ್ತಾನೆ ಎಂದು ಕಾಯುತ್ತ ಅವನು ಠಸ್ಸೆ ಒತ್ತಿದ. ಅರ್ಧ ಕಟ್ಟು ಚಲನ್ ಮುಗಿಯಿತು. ನಡುಕ ಹಾಗೆಯೇ ಇತ್ತು. ಮಷೀನನ್ನು ಅಷ್ಟು ಹೊತ್ತು ಸುಮ್ಮನೆ ಓಡಲು ಬಿಡುವವರು ಯಾರೂ ಇಲ್ಲ. ಫೋನು ಮಾಡಿದ. ರಿಂಗ್ ಆಗಿ ಆಗಿ ಕಟ್ಟಾಯಿತು. ಮತ್ತೆ ಮಾಡಿದ. ದೇವೇಂದ್ರಪ್ಪನಿಗೆ ಮಾಡಿದ. ಅವನು ಕೊಂಬೆ ತುಂಬಿಕೊಂಡು ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. "ಅವ್ರು ಮರದ ಮೇಲಿದಾರಣ್ಣ, ನಾನು ಬರೋಕೆ ಇನ್ನೂ ಹೊತ್ತಾಗುತ್ತೆ," ಎಂದ.

ವೆಂಕಟಸ್ವಾಮಿ ಎದ್ದು ನಿಂತ. "ಮೇಡಂ, ನಾನು ಕುರುಬರಹಳ್ಳಿಗೆ ಹೋಗ್ಬೇಕು. ಈಗ್ಲೇ."

"ಲಾರಿ ನಿಂತಿದೆಯಲ್ಲಣ್ಣ!" ಎಂದವಳು ಅವನ ಮುಖ ನೋಡಿದಳು, ಆಮೇಲೆ ಕೈಗಳನ್ನು. ಒಂದೂ ಪ್ರಶ್ನೆ ಕೇಳದೆ ಸ್ಕೂಟರಿನ ಕೀ ತೆಗೆದುಕೊಂಡಳು.

ಮುನಿವೆಂಕಟಪ್ಪನವರ ಕಾಂಪೌಂಡಿನ ಗೇಟು ತೆರೆದೇ ಇತ್ತು. ಒಳಗೆ ಹೆಜ್ಜೆಯಿಟ್ಟ ವೆಂಕಟಸ್ವಾಮಿ ಅಲ್ಲೇ ನಿಂತುಬಿಟ್ಟ. ಮಷೀನಿನ ಸದ್ದೇ ಇರಲಿಲ್ಲ. ಹಕ್ಕಿಯ ದನಿ ಸಹ ಇಲ್ಲ. ಅವನ ಕೈ ಮಾತ್ರ ಗುರುಗುಡುತ್ತಿತ್ತು. ಮರದ ಬುಡದಲ್ಲಿ ನೆಲವೆಲ್ಲ ನೇರಳೆ ಹಣ್ಣಿನ ಕಲೆ. ಅದರ ನಡುವೆ ಮಣೆ ಹಾಕಿಕೊಂಡು ಮನೆಯ ಹಿರಿಯಾಕೆ ವೆಂಕಟಲಕ್ಷ್ಮಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ದಪ್ಪ ಕನ್ನಡಕ. ಯಜಮಾನರು ಯಾವುದೋ ಮದುವೆಗೆ ಹೋಗಿದ್ದರು.

"ಬಾಪ್ಪ. ನಿಮ್ಮೋರು ಮೇಲೆ ಕೂತು ಸುಧಾರಿಸ್ಕೊತಾ ಇದಾರೆ ಅಂತ ಕಾಣುತ್ತೆ. ಸದ್ದು ನಿಂತು ಬೋ ಹೊತ್ತಾಯ್ತು, ಅದಕ್ಕೇ ಇಲ್ಲಿ ಬಂದು ಕೂತೆ," ಎಂದರು ಅಜ್ಜಿ. "ಹಣ್ಣು ಉದುರ್ತಾನೇ ಇದೆ ನೋಡು, ಅಕ್ಕಿ ಎಲ್ಲಾ ಕಲೆ."

ಕುಸುಮಾ ಮೊರದ ಕಡೆ ನೋಡಿದಳು. ಬಿಳಿ ಅಕ್ಕಿಯ ಮೇಲೆ ಒಂದು ಹನಿ ಬಿತ್ತು. ಅದರ ಬಣ್ಣ ನೇರಳೆಯಲ್ಲ.

ಮೇಲೆ, ಎಲೆಗಳ ನಡುವೆ, ಯೋಗಾನಂದ ಬೆಲ್ಟಿನಲ್ಲಿ ನೇತಾಡುತ್ತಿದ್ದ. ಮೇಲಿನ ಕೊಂಬೆಯೊಂದು ಮುರಿದು ಭುಜಕ್ಕೆ ಬಡಿದು, ಅವನ ಮೈಗೂ ಕಾಂಡಕ್ಕೂ ಅಡ್ಡ ಸಿಕ್ಕಿಕೊಂಡಿತ್ತು. ತಲೆ ಎದೆಯ ಮೇಲೆ ಬಿದ್ದಿತ್ತು. ಬೆಲ್ಟಿಗೆ ಕಟ್ಟಿದ್ದ ಮಷೀನು ಅವನ ಕಾಲ ಕೆಳಗೆ ಹಗ್ಗದಲ್ಲಿ ಮೆಲ್ಲಗೆ ತಿರುಗುತ್ತಿತ್ತು.

ಅಜ್ಜಿ ಮೊರ ಕೈಬಿಟ್ಟರು. ಶೀಟಿನ ಮನೆಗಳಿಂದ ಇಬ್ಬರು ಹೆಂಗಸರು ಓಡಿಬಂದರು. ಒಬ್ಬಳು ಆಂಬುಲೆನ್ಸಿಗೆ ಫೋನು ಹಚ್ಚಿದಳು. ವೆಂಕಟಸ್ವಾಮಿ ಚಪ್ಪಲಿ ಬಿಟ್ಟು ಏಣಿ ಹತ್ತಿದ. ಏಣಿ ಮುಗಿದಲ್ಲಿಂದ ಮರ. ಹತ್ತುವುದನ್ನು ಬಿಟ್ಟು ವರ್ಷ ಕಳೆದಿತ್ತು, ಹೊಟ್ಟೆ ಕಾಂಡಕ್ಕೆ ಉಜ್ಜುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೆ ಬೆರಳುಗಳಿಗೆ ಎಲ್ಲವೂ ತಿಳಿಯುತ್ತಿತ್ತು. ಯಾವ ಕೊಂಬೆಯ ತೊಗಟೆ ಒಳಗೆ ಟೊಳ್ಳು, ಯಾವುದು ಭಾರ ತಡೆಯುತ್ತದೆ ಎಂಬುದು ಮುಟ್ಟಿದರೆ ಸಾಕು ಕೈಗೆ ಗೊತ್ತಾಗುತ್ತಿತ್ತು. ಚೆನ್ನಾಗಿದ್ದ ಕಾಲದಲ್ಲೂ ಅವನ ಕೈ ಹಾಗಿರಲಿಲ್ಲ.

ಯೋಗಾನಂದನ ಮೂಗಿನ ಹತ್ತಿರ ಅಂಗೈ ಹಿಡಿದ. ಉಸಿರಿತ್ತು. ಕೊಂಬೆ ಇಳಿಸಲೆಂದು ಕವಲಿನ ಮೇಲೆ ಹಾಯಿಸಿದ್ದ ದಪ್ಪ ಹಗ್ಗವನ್ನು ಅವನ ಕಂಕುಳ ಕೆಳಗೂ ತೊಡೆಗೂ ಸುತ್ತಿ ಬಿಗಿದ.

"ಮೇಡಂ, ಆ ತುದಿ ಗೇಟಿನ ಕಂಬಕ್ಕೆ ಎರಡು ಸುತ್ತು ಹಾಕಿ ಹಿಡ್ಕೊಳ್ಳಿ! ನಾನು ಹೇಳ್ದಂಗೆ ಸ್ವಲ್ಪ ಸ್ವಲ್ಪ ಬಿಡಿ!"

ಕುಸುಮಾ ಜನ್ಮದಲ್ಲಿ ಅಂಥ ಹಗ್ಗ ಹಿಡಿದವಳಲ್ಲ. ಹಿಂದೆ ಆ ಇಬ್ಬರು ಹೆಂಗಸರು ಅವಳ ಸೊಂಟ ಹಿಡಿದು ನಿಂತರು. ಹಗ್ಗ ಅಂಗೈ ಸುಲಿಯುತ್ತಿದ್ದರೂ ಅವಳು ಬಿಡಲಿಲ್ಲ. ವೆಂಕಟಸ್ವಾಮಿ ಅಡ್ಡ ಸಿಕ್ಕಿದ್ದ ಕೊಂಬೆ ಸರಿಸಿ, ಯೋಗಾನಂದನ ಸೊಂಟದ ಮಚ್ಚಿನಿಂದ ಬೆಲ್ಟು ಕೊಯ್ದ. ಮೈಭಾರ ಹಗ್ಗಕ್ಕೆ ಬಂದಾಗ ಇಡೀ ಮರ ಒಂದು ಸಲ ನರಳಿತು. ಯೋಗಾನಂದ ತಿರುಗುತ್ತ ತಿರುಗುತ್ತ ಇಳಿದು, ಹಣ್ಣುಗಳ ನಡುವೆ ನೆಲ ಮುಟ್ಟಿದ.

ಮಷೀನು ಕೊಯ್ದ ಬೆಲ್ಟಿನ ಜೊತೆ ಒಂದು ಕವಲಿಗೆ ಸಿಕ್ಕಿಕೊಂಡು ಅಲ್ಲೇ ಉಳಿದಿತ್ತು. ವೆಂಕಟಸ್ವಾಮಿ ಇಳಿಯುವ ಮೊದಲು ಕೈಚಾಚಿದ. ಸ್ವಿಚ್ಚು ಆಫ್ ಆಗಿತ್ತು. ಬೆಳಿಗ್ಗೆಯಿಂದ ಕೊಯ್ದ ಮಷೀನಿನ ಹೊಟ್ಟೆ ಬೆಚ್ಚಗಾದರೂ ಇರಬೇಕಲ್ಲ. ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಹಿಡಿಕೆಯ ಮೇಲೆ ಕುಂಕುಮ ನಿನ್ನೆ ಇಟ್ಟಷ್ಟು ಕೆಂಪಗೆ ಇತ್ತು. ಅವನ ಅಂಗೈ ಅದಕ್ಕೆ ತಾಗಿದ ಗಳಿಗೆಗೆ ನಡುಕ ನಿಂತಿತು. ಎರಡೂ ಕೈ ಸತ್ತವು. ಆ ಸತ್ತ ಕೈಯಲ್ಲಿ, ಕಣ್ಣಿನಿಂದ ಹುಡುಕಿ ಹುಡುಕಿ ಕೊಂಬೆ ಹಿಡಿಯುತ್ತ, ಅವನು ಹೇಗೋ ಕೆಳಗಿಳಿದ.

ಯೋಗಾನಂದ ಬದುಕಿದ. ಭುಜದ ಮೂಳೆ, ಪಕ್ಕೆಲುಬು ಮುರಿದಿದ್ದವು, ತಲೆಗೆ ಹೊಲಿಗೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ವೆಂಕಟಸ್ವಾಮಿ, ರಾಮಕ್ಕ, ಕುಸುಮಾ ಮೂವರೂ ನೋಡಲು ಹೋದರು. ಕುಸುಮಾಳ ಎರಡೂ ಅಂಗೈಗೆ ಬ್ಯಾಂಡೇಜಿತ್ತು. ಕೀರ್ತನಾ ಅವರಿಗೆ ಕೂರಲು ಜಾಗ ಮಾಡಿಕೊಟ್ಟಳು, ವೆಂಕಟಸ್ವಾಮಿಯ ಮುಖ ಮಾತ್ರ ನೋಡಲಿಲ್ಲ.

"ಎಚ್ಚರ ಇರ್ಲಿಲ್ಲ," ಎಂದ ಯೋಗಾನಂದ. "ಆದ್ರೆ ಒಂದು ಸದ್ದು ಕೇಳ್ತಾ ಇತ್ತು ಸ್ವಾಮಣ್ಣ. ಠಪ್, ಠಪ್, ಅಂತ. ಆಫೀಸಲ್ಲಿ ಯಾರೋ ಠಸ್ಸೆ ಒತ್ತೋ ಹಾಗೆ. ಒಂದೊಂದು ಸದ್ದಿಗೂ ಉಸಿರು ತಗೋಬೇಕು ಅಂತ ನೆನಪಾಗ್ತಿತ್ತು. ತಗೋತಿದ್ದೆ. ನಿಮ್ ಕೈ ಮೂಗಿನ ಹತ್ರ ಬಂದಾಗ ಅದು ನಿಲ್ತು."

ವೆಂಕಟಸ್ವಾಮಿ ಕುಸುಮಾಳ ಕಡೆ ನೋಡಿದ. ಆವತ್ತು ಅವನು ಕುರ್ಚಿ ಬಿಟ್ಟೆದ್ದ ಮೇಲೆ, ಶಟರ್ ಎಳೆದು ಬೀಗ ಹಾಕಿ ಇಬ್ಬರೂ ಹೊರಟಿದ್ದರು. ಆಮೇಲೆ ಆ ಮೇಜಿನ ಹತ್ತಿರ ಯಾರೂ ಇರಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು. ರಾಮಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಯೋಗಾನಂದ ಮನೆಗೆ ಬಂದ ಮೇಲೆ ಇನ್ನೊಂದು ದಿನ ವೆಂಕಟಸ್ವಾಮಿ ಒಬ್ಬನೇ ಬಸವೇಶ್ವರನಗರಕ್ಕೆ ಹೋದ. ಕೀರ್ತನಾ ಎದುರಿಗಿರುವಾಗಲೇ, ತಲೆ ತಗ್ಗಿಸಿಕೊಂಡು, ನೇರಳೆಯ ಗುಣ ಗೊತ್ತಿದ್ದೂ ಹೇಳದೆ ಕಳಿಸಿದ್ದನ್ನು ಹೇಳಿದ. ಯಾಕೆ ಕಳಿಸಿದೆ ಎನ್ನುವುದನ್ನೂ ಹೇಳಿದ. ಕೀರ್ತನಾ ಎದ್ದು ಒಳಗೆ ಹೋದಳು. ಅವಳು ಅಳುವುದು ಕೇಳಿಸುತ್ತಿತ್ತು.

ಯೋಗಾನಂದ ಕಿಟಕಿಯ ಕಡೆ ತಿರುಗಿದ.

"ನೇರಳೆ ಮುರಿಯುತ್ತೆ ಅಂತ ನಂಗೂ ಗೊತ್ತಿತ್ತು. ವಿಡಿಯೋ ನೋಡೇ ನೋಡಿರ್ತೀನಲ್ಲ. ಗೊತ್ತಿದ್ದೂ ಹತ್ತಿದೆ."

"ಯಾಕೆ ಸಾರ್?"

"ನೀವು ಕಾಯ್ತಾ ಇರ್ತೀರಾ ಅನ್ನಿಸ್ತು. ಮರದ ಮೇಲೆ ನಾನು ಒಬ್ನೇ ಅಂತ ಯಾವತ್ತೂ ಅನ್ನಿಸ್ಲೇ ಇಲ್ಲ ಸ್ವಾಮಣ್ಣ. ನನ್ ಕೈ ಮೇಲೆ ಇನ್ನೊಂದು ಜೊತೆ ಕೈ ಇರ್ತಿತ್ತು. ಅದಕ್ಕೇ ಕೆಲ್ಸ ಬಿಟ್ಟಿದ್ದು," ಎಂದ.

ವೆಂಕಟಸ್ವಾಮಿ ಕೂತಲ್ಲೇ ತನ್ನ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡ.

ಮುನಿವೆಂಕಟಪ್ಪನವರು ಆ ಮರಕ್ಕೆ ಮತ್ತೆ ಯಾರನ್ನೂ ಹತ್ತಿಸಲಿಲ್ಲ. ಅದರ ಕೆಳಗಿದ್ದ ಬಾಡಿಗೆಯವರನ್ನು ಬೇರೆ ಕಡೆಗೆ ಕಳಿಸಿ, ಶೀಟು ಬಿಚ್ಚಿಸಿದರು. ಮಷೀನನ್ನು ದೇವೇಂದ್ರಪ್ಪ ಬಿದಿರಿನ ಗಳುವಿನಿಂದ ಕೆಳಗೆ ಕೆಡವಿ, ಕೆಂಗೇರಿ ಕಡೆಯ ಯಾರಿಗೋ ಕೊಟ್ಟುಬಿಟ್ಟನಂತೆ. ಯಾರಿಗೆ ಎಂದು ವೆಂಕಟಸ್ವಾಮಿ ಕೇಳಲಿಲ್ಲ. ಯೋಗಾನಂದನ ತೋಳು ಈಗ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಅಣ್ಣ ಮುರಳೀಕೃಷ್ಣನ ಗಾರ್ಮೆಂಟ್ಸಿನ ಮೇಲಿನ ಮಹಡಿಯಲ್ಲಿ ಲೆಕ್ಕ ನೋಡಿಕೊಂಡಿದ್ದಾನೆ. ಮಧ್ಯಾಹ್ನ ಕೆಳಗಿಳಿದು ಬಂದು ವೆಂಕಟಸ್ವಾಮಿಯ ಜೊತೆ ಬುತ್ತಿ ಬಿಚ್ಚುತ್ತಾನೆ. ಕೀರ್ತನಾ ಮಾತಾಡಲು ಆರು ತಿಂಗಳು ಹಿಡಿಯಿತು. ಈಗ ಹಬ್ಬಕ್ಕೆ ರಾಮಕ್ಕನಿಗೆ ಹೋಳಿಗೆ ಕಳಿಸುತ್ತಾಳೆ.

ವೆಂಕಟಸ್ವಾಮಿಗೆ ಸ್ನಾನಕ್ಕೆ ನೀರು ಹದವಾಗಿದೆಯೇ ಎಂದು ರಾಮಕ್ಕ ಮೊದಲು ಕೈಯಿಟ್ಟು ನೋಡುತ್ತಾಳೆ. ಕುರ್ಚಿಗೆ ಒರಗಿ ಕೂರುವುದು ಅವನಿಗೆ ಅಭ್ಯಾಸವಾಗಿದೆ. ಸಂಜೆ ಕೊನೆಯ ಲಾರಿ ಹೋದ ಮೇಲೆ, ಕುಸುಮಾ ಬ್ಯಾಗು ತೆಗೆದುಕೊಳ್ಳುವ ಹೊತ್ತಿಗೆ, ಅವನು ಒಂದು ಗಳಿಗೆ ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂರುತ್ತಾನೆ. ಏನೂ ಬರುವುದಿಲ್ಲ. ಅವಳು ಅವಸರ ಮಾಡದೆ ಬಾಗಿಲಲ್ಲಿ ನಿಂತಿರುತ್ತಾಳೆ.

"ಹೋಗೋಣ್ವಾ ಅಣ್ಣ?"

"ಹೂಂ, ನಡೀರಿ ಮೇಡಂ," ಎಂದು ಎದ್ದು ಅವನು ಲೈಟು ಆರಿಸುತ್ತಾನೆ.